ಎಳ್ಳ ಅಮಾವಾಸ್ಯೆಯ ನಿಂಬೆಕಾಯಿ

"ನಮ್ಮಪ್ಪನ ಜೀವಾ ತಗದವ ನೀನ ಏನಲೇ?"

ಮಾತು ಮುಗಿಯುವ ಮೊದಲೇ ರಾಚವ್ವನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಅವನ ಹಣೆಗೆ ಬಿದ್ದಿತ್ತು!

ವಿಜಾಪುರದ ದಾದಾಸಾಬನ ಗ್ಯಾರೇಜಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಎದ್ದರು. ಮೆಕ್ಯಾನಿಕ್ ಅಮೋಘಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಕೈ ಎತ್ತಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

ಹೊಡೆದವಳೇ ಒಂದು ಹೆಜ್ಜೆ ಹಿಂದೆ ಸರಿದಳು. 'ಹಿಂಗ್ಯಾಕ ನಿಂತಾನ ಇವ? ತಿರುಗಿ ಬೈಬಾರದೇನು...'

ಅದು ಎಪ್ಪತ್ನಾಲ್ಕರ ಚಳಿಗಾಲ. ರಾಚವ್ವನ ಅಪ್ಪ, ತಿಕೋಟಾದ ರಾಮಲಿಂಗಪ್ಪ ನಸುಕಿನಲ್ಲಿ ಬಬಲೇಶ್ವರದ ದಾರಿಯ ಹೊಲಕ್ಕೆ ಹೋದಾಗ ಬದುವಿನ ಜಗಳದ ವೈರಿಗಳು ಅವನನ್ನು ಕುಡಗೋಲಿನಿಂದ ಕೊಚ್ಚಿದ್ದರು. ಆಳುಗಳು ಹೊತ್ತು ತಂದು ಮನೆಯ ಕಾರಿನಲ್ಲಿ ಮಲಗಿಸಿದರು. ಸೊಲ್ಲಾಪುರದ ಗಿರಣಿ ಮಾಲೀಕನಿಂದ ಕೊಂಡ ಹಳೆಯ ಜರ್ಮನ್ ಕಾರು ಅದು. ಕಾರ್ಬೊರೇಟರ್ ಇಲ್ಲ, ಪಂಪೇ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುತ್ತದೆ.

ಅಂದು ಚಾವಿ ತಿರುವಿದವಳು ರಾಚವ್ವ. ಅವಳಿಗೆ ಕಾರು ಕಲಿಸಿದ್ದು ಅಪ್ಪನೇ.

ತಿರುವಿದಳು, ತಿರುವಿದಳು... ಎಂಜಿನ್ ಕೆಮ್ಮಿತೇ ಹೊರತು ಚಾಲೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪನ ಉಸಿರೇ ನಿಂತುಹೋಯಿತು!

"ಚಳಿಯಾಗ ಚಾಲೂ ಆಗವಲ್ದು" ಎಂದು ಹಿಂದಿನ ದಿನವಷ್ಟೇ ಗ್ಯಾರೇಜಿಗೆ ಬಂದಿದ್ದ ಆ ಕಾರನ್ನು "ಛಲೋ ಐತ್ರಿ" ಎಂದು ಮರಳಿ ಕಳಿಸಿದವನು ಈ ಅಮೋಘಿ.

ಕೊಚ್ಚಿದವರು ಜೈಲು ಸೇರಿದ್ದರು. ಹಾಗಾಗಿ ಅಪ್ಪನ ತಮ್ಮ, ಕಾಕಾ ಯಲಗೂರಪ್ಪನ ಸಿಟ್ಟಿಗೆ ಸಿಕ್ಕವನು ಇವನೊಬ್ಬನೇ. ಕಾಕಾ ಕೊಡಲಿ ಹಿಡಿದು ಮುಂದೆ ಬಂದ.

"ವೈರಿಗಳ ಕೂಡ ಸೇರಿ ಕಾರ ಕೆಡಿಸ್ಯಾನ ಮಗಾ! ಇವನ ಕೈ ಕಡದ ಒಯ್ತೇನಿ!"

ದಾದಾಸಾಬ ಅಡ್ಡ ಬಂದ. "ಯಜಮಾನ್ರ, ಮೊದಲ ಇವ ಕಾರ ನೋಡ್ಲಿ. ಕೆಡಿಸಿದ್ದು ಖರೇ ಆದ್ರ ನಾನೂ ತಡಿಯೂದಿಲ್ರಿ."

ಕಾಕಾ ನೆಲಕ್ಕೆ ಉಗುಳಿದ. "ಎಳ್ಳ ಅಮಾಸಿ ತನಕ ಬಿಟ್ಟೇನಿ. ಕಾರ ಯಾರ ಕೈಯಿಂದ ಕೆಟ್ಟೈತೋ ಆ ಕೈ ಕಡಿಯಾಂವ ನಾ!"

ಆ ಸಂಜೆಯೇ ಅಮೋಘಿಯನ್ನು ತಿಕೋಟಾಕ್ಕೆ ತಂದು ಕಾರಿನ ಶೆಡ್ಡಿನಲ್ಲಿ ಕೂಡಿಹಾಕಿದರು. ತೊಡೆಯ ಮೇಲೆ ಕುಡಗೋಲಿಟ್ಟುಕೊಂಡು ಕಾವಲು ಕೂತವಳು ಬೇರೆ ಯಾರೂ ಅಲ್ಲ, ರಾಚವ್ವನೇ.

ಈ ಕಾರಿನ ಹಟವೇ ವಿಚಿತ್ರ. ಹೊತ್ತೇರಿದರೆ ಒಂದೇ ಚಾವಿಗೆ ಚಾಲೂ! ರೋಗ ಕಾಣುವುದು ನಸುಕಿನ ಚಳಿಯಲ್ಲಿ ಮಾತ್ರ. ಹಾಗಾಗಿ ದಿನಕ್ಕೆ ಒಂದೇ ಪರೀಕ್ಷೆ. ಅಂದು ಗೊತ್ತಾಗದಿದ್ದರೆ ಮರುದಿನದ ನಸುಕಿಗೇ ಕಾಯಬೇಕು.

ಮೊದಲ ನಸುಕಿನಲ್ಲಿ ಅವನು ಪ್ಲಗ್ ಬಿಚ್ಚಿ ತೋರಿಸಿದ.

"ಒಣಗ್ಯಾವ ನೋಡ್ರಿ. ಚಳಿಯಾಗ ಎಂಜಿನ್ನಿಗೆ ಹೆಚ್ಚಿನ ಪೆಟ್ರೋಲ್ ಬೇಕು. ಅದಕ್ಕಂತನ ಬ್ಯಾರೆ ಒಂದು ಪಿಚಕಾರಿ ಐತಿ. ಅದು ಚಿಮ್ಮವಲ್ದು ಅನಸ್ತೈತಿ."

"ಕೆಡಿಸಿದವಗ ಎಲ್ಲಾ ಗೊತ್ತಿರ್ತೈತಿ!" ಎಂದು ಒದರಿದ ಕಾಕಾ ಅವನ ಪಕ್ಕೆಗೆ ಒದ್ದ. ಬಿದ್ದವನ ಬಾಯಿಂದ ರಕ್ತ ಬಂತು. ಅಂದಿನಿಂದ ಕಾಕಾನ ಒದೆ ಬೀಳದ ಬೆಳಗು ಇರಲಿಲ್ಲ.

ಒಂದು ದಿನ ರಾಚವ್ವ ಅರಿಸಿನದ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

"ಹಚ್ಕೋ. ಕರುಣೆ ಅಂತ ತಿಳೀಬ್ಯಾಡ. ಅಮಾಸಿ ತನಕ ನಿನ್ನ ಜೀವ ಉಳೀಬೇಕಲ್ಲ!"

ಒಡೆದ ತುಟಿಯಲ್ಲೇ ಅವನು ನಕ್ಕ. "ಕುಡಗೋಲ ಹಿಡದ ಡಾಕ್ಟರ್ನ ಇವತ್ತ ನೋಡಿದೆ ನೋಡ್ರಿ."

ಅವಳಿಗೆ ನಗು ಬಂದೇಬಿಟ್ಟಿತು. ಅಪ್ಪ ಸತ್ತ ಮೇಲೆ ಮೊದಲ ನಗು... ನಕ್ಕೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ರಾಚವ್ವಾರ," ಅವನ ದನಿ ತಗ್ಗಿತು, "ಅವತ್ತ ನಾ ಕಾರ ನೋಡಿದ್ದು ಮಟಮಟ ಮಧ್ಯಾಹ್ನದಾಗ. ರಾತ್ರಿ ಇಟ್ಕೊಂಡು ನಸುಕಿನ್ಯಾಗ ನೋಡಬೇಕಿತ್ತು. ಅಷ್ಟು ತಪ್ಪು ನಂದೈತಿ. ಆದ್ರ ಕೆಡಿಸಿದವ ನಾ ಅಲ್ರಿ."

ಅವನ ಕಣ್ಣು ತುಂಬಿತ್ತು. ಅಂದಿನಿಂದ ಕುಡಗೋಲು ಅವಳ ತೊಡೆ ಬಿಟ್ಟು ಗೋಡೆಗೆ ಹೋಯಿತು. ನಸುಕಿನ ಚಹಾಕ್ಕೆ ಶುಂಠಿ ಬಿತ್ತು. ನಾಳೆಯ ನಸುಕು ಬೇಗ ಬರಲಿ ಎಂದು ಆ ಹುಚ್ಚು ಹುಡುಗಿಯ ಮನಸ್ಸು ಕಾಯತೊಡಗಿತು!

ಅಮಾವಾಸ್ಯೆಯ ಹಿಂದಿನ ನಸುಕು. ಅಮೋಘಿ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದು ಪಿಚಕಾರಿಗೆ ತಾಗಿಸಿದ. ಪೆಟ್ರೋಲ್ ಚಿಮ್ಮಿತು! ಹಾಗಾದರೆ ಪಿಚಕಾರಿ ಸರಿಯಿದೆ, ಅದಕ್ಕೆ ಕರೆಂಟ್ ತರುವ ತಂತಿಯಲ್ಲೇ ದೋಷ. ತಂತಿಯ ಗುಂಟ ಹೋದ ಅವನ ಬೆರಳು ಒಂದು ಕಡೆ ನಿಂತುಬಿಟ್ಟಿತು. ಅವನು ಏನನ್ನೋ ಕಿತ್ತು ಕಿಸೆಗೆ ಹಾಕಿಕೊಂಡು ಆ ಜಾಗವನ್ನು ಕೆರೆಯತೊಡಗಿದ. ಮುಖ ಬಿಳಿಚಿತ್ತು.

"ಏನ್ ಸಿಕ್ತು?" ರಾಚವ್ವ ಓಡಿ ಬಂದಳು.

ಅವನು ಮುಖ ತಿರುಗಿಸಿದ. "ತಪ್ಪು ನಂದ ರಿ. ಈ ತಂತಿ... ನಾನ ಸರಿಯಾಗಿ ಕೂಡಿಸಿದ್ದಿಲ್ಲ."

"ಏನಂದಿ?"

"ನಾನ ಕೆಡಿಸೇನಿ."

ಛಟೀರ್! ಅವಳ ಐದೂ ಬೆರಳು ಅವನ ಕೆನ್ನೆಯ ಮೇಲೆ ಮೂಡಿದವು. "ನಿನ್ನ ನಂಬಿದ್ನಲ್ಲೋ... ನಂಬಿದ್ನಲ್ಲ!"

ಮರುದಿನ ನಸುಕಿನಲ್ಲೇ ಊರೆಲ್ಲ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಡುವ ಸಡಗರದಲ್ಲಿತ್ತು. ಈ ಮನೆಯ ಅಂಗಳದಲ್ಲಿ ಕಾಕಾ ಅಮೋಘಿಯ ಎಡಗೈಯನ್ನು ಒಗೆಯುವ ಕಲ್ಲಿಗೆ ಒತ್ತಿ ಹಿಡಿದಿದ್ದ. ಮೊದಲ ಪೆಟ್ಟು ಕೊಡಲಿಯ ಹಿಂಬದಿಯಿಂದ ಬಿತ್ತು. ಬೆರಳುಗಳು ಲಟಲಟ ಮುರಿದವು. ಅವನ ಕೂಗಿಗೆ ಗೂಟದ ಎತ್ತುಗಳು ಬೆದರಿ ಎದ್ದು ನಿಂತವು.

ನೋಡಲಾರದೆ ರಾಚವ್ವ ಶೆಡ್ಡಿಗೆ ಓಡಿದಳು. ಸೆರಗಿನಲ್ಲಿ ನಿಂಬೆಕಾಯಿ, ಮೆಣಸಿನಕಾಯಿ, ಕೆಂಪು ದಾರವಿತ್ತು. ಅಪ್ಪನಿಗೆ ಕೆಟ್ಟ ಕಣ್ಣು ತಾಗದಿರಲೆಂದು ಪ್ರತಿ ಅಮಾವಾಸ್ಯೆಗೆ ಕಾರಿಗೆ ಕಟ್ಟುತ್ತಿದ್ದಳು. ಹೊರಗೆ ಕಟ್ಟಿದರೆ ಆಡು ತಿನ್ನುತ್ತದೆಂದು ಬಾನೆಟ್ಟಿನ ಒಳಗೇ, ಕೈಗೆ ಸಿಕ್ಕ ಒಂದು ತಂತಿಗೆ ಬಿಗಿಯುತ್ತಿದ್ದಳು. ತಾನು ನಿಂಬೆಕಾಯಿ ಕಟ್ಟುವುದನ್ನು ಚಹಾದ ಹೊತ್ತಿನಲ್ಲಿ ಅಮೋಘಿಗೂ ಹೇಳಿದ್ದಳು. ಅಪ್ಪನಿಲ್ಲದಿದ್ದರೂ ಕೈ ರೂಢಿ ಬಿಟ್ಟಿರಲಿಲ್ಲ.

ಬಾನೆಟ್ ಎತ್ತಿದಳು. ಹಳೆಯ ನಿಂಬೆಕಾಯಿ ಇರಲಿಲ್ಲ! ದಾರದ ತುಂಡೊಂದು ಮಾತ್ರ ಉಳಿದಿತ್ತು. ಅದರ ಕೆಳಗೆ ತಂತಿಯ ಕೂಡಿಕೆಯ ಅಂಚಿಗೆ ಹಸಿರು ಕಿಲುಬು, ನಡುವೆ ಹೊಸದಾಗಿ ಕೆರೆದ ಹೊಳಪು. ಹಿತ್ತಾಳೆಯ ತಾಟಿನಲ್ಲಿ ಉಪ್ಪಿನಕಾಯಿ ಇಟ್ಟರೆ ಏರುವ ಅದೇ ಹಸಿರು.

ಅವಳು ಬೆರಳಿನಿಂದ ಆ ಹಸಿರನ್ನು ಮುಟ್ಟಿ ನೋಡಿದಳು. 'ನಿಂಬೆಕಾಯಿ ಹುಳಿ ಇಳದೈತಿ... ನಾ ಕಟ್ಟಿದ್ದು... ನಾನ! ಅದಕ್ಕ ಇವ ಬಾಯಿ ಬಿಡಲಿಲ್ಲ!'

ಹೊರಗೆ ಕೊಡಲಿ ಈ ಸಲ ಹರಿತದ ಬಾಯಿ ಕೆಳಗಾಗಿ ಮೇಲೆದ್ದಿತ್ತು. ರಾಚವ್ವ ಓಡಿಬಂದು ಮುರಿದ ಕೈಯ ಮೇಲೆ ತನ್ನ ಬಲಗೈ ಇಟ್ಟಳು.

"ಯಾರ ಕೈಯಿಂದ ಕೆಟ್ಟೈತೋ ಆ ಕೈ ಅಂದಿದ್ದಿಯಲ್ಲ ಕಾಕಾ? ಇದ ಆ ಕೈ! ಕಡಿ!"

"ರಾಚವ್ವಾರ, ಸುಮ್ಮನಿರ್ರಿ..." ಅಮೋಘಿ ನರಳಿದ.

ಅವಳು ಅವನ ಕಿಸೆಯಿಂದ ಒಣಗಿದ ನಿಂಬೆಕಾಯಿ ಎಳೆದು ಕಲ್ಲಿನ ಮೇಲಿಟ್ಟಳು. "ಇದರ ಹುಳಿ ಇಳದ ತಂತಿ ಕೆಟ್ಟೈತಿ. ಇದನ್ನ ಕಟ್ಟಿದಾಕಿ ನಾನು!"

ಯಲಗೂರಪ್ಪ ನಿಂಬೆಕಾಯಿಯನ್ನೇ ನೋಡುತ್ತ ನಿಂತ. ಆಮೇಲೆ ಕೊಡಲಿ ಬಿಸುಟು ತಲೆ ಬಡಿದುಕೊಂಡು ಕುಸಿದ.

"ಅಣ್ಣನ್ನ ಕೊಚ್ಚಿದವರು ನನ್ನ ಕೈಗೆ ಸಿಗಲಿಲ್ಲವ್ವಾ... ಯಾರನ್ನರ ಕಡೀಬೇಕಾಗಿತ್ತು ನನಗ..."

ಅಮೋಘಿಯನ್ನು ಕಾರಿಗೆ ಹತ್ತಿಸಿದರು. ಹಿಂದಿನ ಸೀಟಿನಲ್ಲಿ ಮತ್ತೆ ರಕ್ತ. ಮತ್ತೆ ಅದೇ ಚಳಿ, ಚಾವಿಯ ಮೇಲೆ ಮತ್ತೆ ರಾಚವ್ವನ ಕೈ. ಬೆರಳು ತಿರುಗಲೊಲ್ಲವು.

"ತಿರುವ್ರಿ," ಹಿಂದಿನಿಂದ ಅವನ ದನಿ ಕೇಳಿತು. "ಅಂಜಬ್ಯಾಡ್ರಿ. ಚಾಲೂ ಆಗ್ತೈತಿ."

ತಿರುವಿದಳು. ಒಂದೇ ಸಲಕ್ಕೆ ಎಂಜಿನ್ ಗುಡುಗಿತು! ಅವಳು ಗೋಳೋ ಎಂದು ಅಳುತ್ತಲೇ ವಿಜಾಪುರದ ಆಸ್ಪತ್ರೆಯ ಕಡೆ ಕಾರು ಬಿಟ್ಟಳು. ಕಾಕಾ ತನ್ನ ರುಮಾಲಿನಿಂದ ಆ ಕೈ ಸುತ್ತಿ ಎದೆಗೆ ಒತ್ತಿಕೊಂಡಿದ್ದ.

"ಯಾಕ ಹೇಳಲಿಲ್ಲ ನೀವು?"

"ಕೈ ಇಲ್ಲದ ಹೆಂಗರ ಬದುಕಬಹುದ್ರಿ. ಅಪ್ಪನ್ನ ನಾನ ಕೊಂದೆ ಅಂತ ನೀವು ಹೆಂಗ ಬದುಕ್ತಿದ್ರಿ? ನಿಮ್ಮಪ್ಪನ ಜೀವಾ ತಗದದ್ದು ವೈರಿ ಕುಡಗೋಲ ರಿ. ನಿಂಬಿಕಾಯಿ ಅಲ್ಲ."

"ನನ್ನ ಸಲುವಾಗಿ ಇಷ್ಟ್ಯಾಕ...?"

"ಪಾನಾದ ಪೆಟ್ಟು ಬಿದ್ದಾಗಿಂದ ತಲಿ ನೆಟ್ಟಗಿಲ್ರಿ."

"ಚ್ಯಾಷ್ಟಿ ಬ್ಯಾಡ. ಖರೇ ಹೇಳ್ರಿ!"

ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕವು. "ನಿನ್ನ ಮ್ಯಾಲ ಜೀವ ಐತಿ, ರಾಚವ್ವಾ."

ಕಾಕಾ ಗಂಟಲು ಸರಿಮಾಡಿಕೊಂಡು ಕಿಟಕಿಯಾಚೆಯ ಜೋಳದ ಹೊಲ ನೋಡತೊಡಗಿದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮುಂದಿನ ಅಮಾಸಿಗೂ ನಿಂಬಿಕಾಯಿ ಕಟ್ತೇನಿ. ಎಲ್ಲಿ ಕಟ್ಟಬೇಕಂತ ನೀವ ತೋರಸ್ರಿ."

"ಹಂಗಾದ್ರ ನಾ ಅಮಾಸಿಗೊಮ್ಮೆ ತಿಕೋಟಾಕ್ಕ ಬರಬೇಕಾಗ್ತೈತಿ."

"ಬರೂದ್ಯಾಕ?" ಎಂದಳು ರಾಚವ್ವ. "ಹೋಗಬ್ಯಾಡ್ರಿ."