ಹಿಂದಿನ ಗಾಡಿಯ ಹಾರ್ನು

೧೯೮೩ರ ಡಿಸೆಂಬರಿನ ಒಂದು ಬೆಳಗ್ಗೆ ತುಮಕೂರಿನಿಂದ ಕುಣಿಗಲ್ಲಿನ ಮದುವೆಗೆ ನಾವು ಮೂರು ಬೈಕುಗಳಲ್ಲಿ ಹೊರಟೆವು. ಮುಂದೆ ಚಿಕ್ಕಬೋರಯ್ಯ, ನಡುವೆ ನಾನು, ಕೊನೆಗೆ ಅಂಜಿನಪ್ಪ. ಮಂಜಿನಲ್ಲಿ ಹಿಂದಿನ ಬೈಕಿನ ಲೈಟೂ ಕಾಣುತ್ತಿರಲಿಲ್ಲ. ಅದಕ್ಕೇ ಚಿಕ್ಕಬೋರಯ್ಯ ಹೊರಡುವಾಗಲೇ ಹೇಳಿದ್ದ: "ಪ್ರತಿ ಕಿಲೋಮೀಟರ್ ಕಲ್ಲತ್ರ ಕೊನೆಯವ್ನು ಎರಡು ಸಲ ಹಾರ್ನ್ ಹೊಡೀಬೇಕು. ನಡುವಿನವ್ನು ಹಂಗೇ ಹೊಡ್ದು ನಂಗೆ ಮುಟ್ಟಿಸ್ಬೇಕು. ಕೇಳಿಸ್ಲಿಲ್ವೋ, ಅಲ್ಲೇ ನಿಂತ್ಕಳಿ."

ಒಂದು ಕಲ್ಲಿನ ಹತ್ತಿರವೂ ಹಿಂದಿನ ಹಾರ್ನು ತಪ್ಪಲಿಲ್ಲ. ಹೆಬ್ಬೂರು ದಾಟಿದ ಮೇಲೆ ಹಾರ್ನು ತೀರಾ ಹತ್ತಿರವಾಯಿತು. ಎಂಜಿನ್ನಿನ ಬಿಸಿ ನನ್ನ ಮೀನಖಂಡಕ್ಕೆ ತಾಗುತ್ತಿತ್ತು.

"ಸ್ವಲ್ಪ ದೂರ ಬಾರ್ಲಾ!" ಎಂದು ರೇಗಿದೆ. ಕನ್ನಡಿಯಲ್ಲಿ ಬರೀ ಮಂಜು.

ಕುಣಿಗಲ್ ಕೆರೆಯ ಹತ್ತಿರ ನಿಂತು ಕಾದೆವು. ಅಂಜಿನಪ್ಪ ಬರಲೇ ಇಲ್ಲ. ಇಬ್ಬರೂ ವಾಪಸು ಹೋದೆವು.

ತುಮಕೂರು ಬಿಟ್ಟ ಮೇಲಿನ ಮೂರನೇ ಕಲ್ಲಿನ ಪಕ್ಕ, ಚರಂಡಿಯಲ್ಲಿ ಅವನು ಬಿದ್ದಿದ್ದ. ಬೈಕು ಅವನ ಕಾಲ ಮೇಲಿತ್ತು. ತಣ್ಣಗಾದ ಎಂಜಿನ್ನಿನ ಮೇಲೆ ಇಬ್ಬನಿ ಕೂತಿತ್ತು.

"ಹಾರ್ನ್ ಕೈಗೆ ಎಟುಕ್ಲಿಲ್ಲ ಕಣೋ. ಕೇಳಿಸ್ದಿದ್ರೆ ನಿಲ್ತೀರಲ್ಲ ಅಂತ ಕಾಯ್ತಾ ಇದ್ದೆ," ಎಂದ.

ಬೈಕನ್ನು ಅವನ ಕಾಲ ಮೇಲಿಂದ ಎತ್ತಿ ಚರಂಡಿಯಲ್ಲೇ ಬಿಟ್ಟೆವು. ಅವನನ್ನು ನನ್ನ ಹಿಂದೆ ಕೂರಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಹೊರಟೆವು. ಮಂಜು ಕರಗಿ ಬಿಸಿಲು ಬಂದಿತ್ತು. ಈಗ ಕೊನೆಯ ಬೈಕು ನನ್ನದು, ಹಾರ್ನು ಹೊಡೆಯುವ ಕೆಲಸವೂ ನನ್ನದೇ. ಎರಡನೇ ಕಲ್ಲು ಬಂತು. ನನ್ನ ಹೆಬ್ಬೆರಳು ಗುಂಡಿ ಮುಟ್ಟುವ ಮೊದಲೇ ಹಿಂದಿನಿಂದ ಎರಡು ಸಲ ಹಾರ್ನು ಕೇಳಿಸಿತು. ತಿರುಗಿ ನೋಡಿದೆ. ರಸ್ತೆ ಖಾಲಿ.

ಅಂಜಿನಪ್ಪ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದ. "ಅದು ನನ್ ಗಾಡಿ ಹಾರ್ನ್ ಕಣೋ," ಎಂದ.

ಮುಂದೆ ಚಿಕ್ಕಬೋರಯ್ಯ, ಆ ಹಾರ್ನು ಕೇಳಿ ಹಿಂದಿನವರೆಲ್ಲ ಇದ್ದಾರೆಂದುಕೊಂಡು, ಕೈ ಎತ್ತಿ ತೋರಿಸಿ ಬೈಕಿನ ವೇಗ ಹೆಚ್ಚಿಸಿದ.