ಮೇಲಿನ ಮನೆಯವನು ತೊಳೆದಿಟ್ಟ ಜಾಡಿ

ಹಿಂಬದಿಯ ವರಾಂಡದಲ್ಲಿ ಜಾಡಿ ಬೋರಲಾಗಿ ಕೂತಿತ್ತು. ಒಳಗೂ ಹೊರಗೂ ಫಳಫಳ ಹೊಳೆಯುತ್ತಿತ್ತು. ವಾರಕ್ಕೂ ಮೇಲೆ ಅದರೊಳಗೆ ಉಪ್ಪುನೀರಿನಲ್ಲಿ ಮುಳುಗಿದ್ದ ದನದ ಎದೆಮಾಂಸ ಮಾತ್ರ ಇರಲಿಲ್ಲ. ಮಾರನೆಯ ದಿನ ಐರಿಶ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬ. ಬಾಸ್ಟನ್ನಿನ ಡಾರ್ಚೆಸ್ಟರ್‌ನ ನಮ್ಮ ಬೀದಿಯಲ್ಲಿ ಅವತ್ತು ಕಾರ್ನ್ಡ್ ಬೀಫ್ ಎಂಬ ಈ ಉಪ್ಪುಮಾಂಸ ಮತ್ತು ಎಲೆಕೋಸು ಬೇಯದ ಮನೆಯೇ ಇರುವುದಿಲ್ಲ.

ಮೊದಲು ಪಕ್ಕದ ಮನೆಯ ನಾಯಿಯ ಮೇಲೆ ಅನುಮಾನ ಬಂತು. ಆದರೆ ಎಷ್ಟೇ ಒಳ್ಳೆಯ ನಾಯಿಯಾದರೂ ತಿಂದ ಮೇಲೆ ಪಾತ್ರೆ ತೊಳೆದಿಡುವುದಿಲ್ಲ. ಆಫೀಸಿನ ಕೋಟನ್ನೂ ಬಿಚ್ಚದೆ ನಾನು ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ಬಡಿದೆ.

ಲಿಯೋ ಮೆಕ್‌ನಲ್ಟಿ ಬಾಗಿಲು ತೆರೆದ. ಫೆಬ್ರವರಿಯಲ್ಲಿ ಬಾಡಿಗೆಗೆ ಬಂದವನು. ನ್ಯೂಯಾರ್ಕಿನವನು, ಇಲ್ಲಿಯ ಒಂದು ಆಸ್ಪತ್ರೆಯ ಲಿಫ್ಟ್‌ಗಳನ್ನು ಹೊಸದಾಗಿ ಕೂರಿಸಲು ಕಂಪನಿ ಕಳಿಸಿತ್ತು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿಸಿಕೊಂಡವನಂತೆ. ಇದನ್ನೆಲ್ಲ ನನಗೆ ಯಾರೂ ಹೇಳಿರಲಿಲ್ಲ, ನಾನೇ ಮೆಟ್ಟಿಲ ಮೇಲೆ ನಿಂತು ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದೆ. ಅಷ್ಟು ಹೊತ್ತು ಯಾಕೆ ನಿಲ್ಲುತ್ತಿದ್ದೆ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ನನ್ನ ಮುಖ ಕಂಡದ್ದೇ ಅವನ ಕಣ್ಣು ಅರಳಿತು.

"ಜಾಡಿ ನೋಡಿದ್ರಾ? ಪಾಪ, ಯಾರೋ ಮರೆತುಬಿಟ್ಟಿದ್ರು ಅನ್ಸುತ್ತೆ. ಮಾಂಸ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ನಿಮ್ಮ ಅತ್ತೆಗೆ ವಾಸನೆ ಬರಬಾರದು ಅಂತ ಬೆಳಗಿನ ಕಸದ ಲಾರಿಗೇ ಹಾಕ್ಬಿಟ್ಟೆ. ಜಾಡೀನ ಈಗಷ್ಟೇ ತೊಳೆದಿಟ್ಟೆ."

ಶಾಭಾಷ್ ಎನ್ನಿಸಿಕೊಳ್ಳಲು ಕಾದಿರುವವನಂತೆ ನಿಂತಿದ್ದ. ತೋಳು ಮಡಿಚಿದ್ದ, ಮಣಿಕಟ್ಟಿನ ಮೇಲೆ ಇನ್ನೂ ಸೋಪಿನ ನೊರೆ ಅಂಟಿತ್ತು. ಬೈಯಲು ಬಂದವಳು ಒಂದು ಗಳಿಗೆ ಆ ನೊರೆಯನ್ನೇ ನೋಡಿದೆ.

"ಅದು ಬೂದು ಬಣ್ಣಾನೇ ಇರಬೇಕು ಕಣ್ರೀ," ಎಂದೆ.

ನ್ಯೂಯಾರ್ಕಿನಲ್ಲಿ ಅದಕ್ಕೇನೋ ಬೆರೆಸಿ, ಮದುವಣಗಿತ್ತಿಯ ಕೆನ್ನೆಯ ಹಾಗೆ ಕೆಂಪು ಮಾಡಿ ಮಾರುತ್ತಾರೆ. ಬಾಸ್ಟನ್ನಿನ ಹಳೆಯ ಮನೆಗಳಲ್ಲಿ ಉಪ್ಪು ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಮಾಂಸ ಮಳೆಗಾಲದ ಮೋಡದ ಬಣ್ಣಕ್ಕೆ ಬಂದರೆ ಹದವಾಗಿದೆ ಎಂದರ್ಥ. ನಾನು ಹೇಳುತ್ತಾ ಹೋದಂತೆ ಲಿಯೋನ ಮುಖ ಇಳಿಯಿತು. ಕೊನೆಗೆ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತುಬಿಟ್ಟ. ನನಗೆ ಅಳು ಬರಬೇಕಾದ ಜಾಗದಲ್ಲಿ ನಗು ಬರುವಂತಾಯಿತು.

ಆದರೆ ನಗುವ ಸಂಗತಿಯಾಗಿರಲಿಲ್ಲ. ಆ ಮಾಂಸವನ್ನು ಪ್ರತಿವರ್ಷ ಉಪ್ಪಿಗೆ ಹಾಕುತ್ತಿದ್ದದ್ದು ನನ್ನ ಅತ್ತೆ ಆಗ್ನೆಸ್ ಹೆಗಾರ್ಟಿ. ಅದಕ್ಕೆ ಇನ್ನೊಬ್ಬರ ಕೈ ತಾಗಲು ಬಿಟ್ಟವರಲ್ಲ. ಈ ವರ್ಷ ಅವರ ಬೆರಳುಗಳ ಗಂಟು ಊದಿಕೊಂಡು ಮಡಚಲಾಗದೆ, ಜಾಡಿಯನ್ನು ನನ್ನ ಕಡೆ ತಳ್ಳಿ, "ಈ ಸಲ ನೀನೇ ಹಾಕು ಕಣೇ," ಎಂದಿದ್ದರು. ನೋಡುವವರಿಗೆ ಅದೊಂದು ಅಡಿಗೆಯ ಕೆಲಸ. ನನಗೆ ಮನೆಯ ಬೀಗದ ಕೈಯನ್ನೇ ಕೊಟ್ಟಂತಿತ್ತು.

ಅತ್ತೆಯ ಬಗ್ಗೆ ಹೇಳದಿದ್ದರೆ ನನ್ನ ಮಾತು ಅರ್ಥವಾಗುವುದಿಲ್ಲ. ನನ್ನ ಗಂಡ ಡೆನಿಸ್ ಹೃದಯ ನಿಂತು ಹೋದಾಗ ನಾನು ಎಷ್ಟೋ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಗನನ್ನು ಕಳೆದುಕೊಂಡ ಆ ಹೆಂಗಸು ನನ್ನ ತಲೆಗೂದಲು ತೊಳೆದು, ಬಾಚಿ, ಚಮಚದಲ್ಲಿ ಸೂಪು ಕುಡಿಸಿದರು. ತವರಿನವರು ವೂಸ್ಟರ್‌ನಿಂದ ಕರೆದೊಯ್ಯಲು ಬಂದಾಗ ನಾನು ಹೋಗಲ್ಲ ಎಂದೆ. ಅತ್ತೆಯೂ ಕಳಿಸಲಿಲ್ಲ. ಅಂಥವರ ಮಗನ ಜಾಗದಲ್ಲಿ ಇನ್ನೊಬ್ಬನನ್ನು ತಂದು ನಿಲ್ಲಿಸುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಲಿಯೋ ನಮ್ಮ ಮೆಟ್ಟಿಲಿನ ಹಿಮ ಎತ್ತಿ ಹಾಕುವಾಗ ಕಿಟಕಿಯಿಂದ ನೋಡುತ್ತಿದ್ದೆ, ಅವನು ತಲೆಯೆತ್ತಿದ ಕೂಡಲೇ ಪರದೆ ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲೇ ಮುಗಿಸಿಕೊಳ್ಳಬೇಕು ಅಂದುಕೊಂಡಿದ್ದೆ.

ಆ ಸಂಜೆ ಲಿಯೋ ಸೌತ್ ಬಾಸ್ಟನ್‌ನ ಒಂದು ಮಾಂಸದಂಗಡಿಯನ್ನೂ ಬಿಡಲಿಲ್ಲವಂತೆ. ಬೂದು ಬಣ್ಣದ್ದು ಎಲ್ಲ ಕಡೆ ಖಾಲಿ. ಹಬ್ಬದ ಹಿಂದಿನ ದಿನ ಸಿಕ್ಕರೆ ತಾನೇ ಆಶ್ಚರ್ಯ. ಕೊನೆಗೆ ಸೂಪರ್‌ಮಾರ್ಕೆಟ್ಟಿನ ಕೆಂಪು ಮಾಂಸದ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಬಂದ. ಅತ್ತೆಗೆ ನಾನೇ ಏನಾದರೊಂದು ಸುಳ್ಳು ಹೇಳುತ್ತೇನೆ, ನೀವು ಮೇಲೆ ಹೋಗಿ ಎಂದೆ. ಅವನು ಕೇಳಲಿಲ್ಲ. ತಪ್ಪು ಮಾಡಿದವನು ನಾನು, ಸುಳ್ಳು ನೀವ್ಯಾಕೆ ಹೇಳಬೇಕು ಎಂದು ನೆಟ್ಟಗೆ ಅತ್ತೆಯ ಕುರ್ಚಿಯ ಮುಂದೆ ಹೋಗಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದ.

ಅತ್ತೆ ರೇಡಿಯೋ ಆರಿಸಿದರು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನ್ಯೂಯಾರ್ಕಾ?"

"ಹೌದು, ಮಿಸೆಸ್ ಹೆಗಾರ್ಟಿ."

"ಹಾಗಾದ್ರೆ ನಿನ್ನ ತಪ್ಪಲ್ಲ ಬಿಡು. ಅಲ್ಲಿ ಹುಟ್ಟಿದೋರು ಏನ್ ಮಾಡಕ್ಕಾಗುತ್ತೆ." ಆಮೇಲೆ ಪೊಟ್ಟಣದ ಕಡೆ ಗಲ್ಲ ತೋರಿಸಿದರು. "ಎಸೆದೋನು ನೀನು. ನಾಳೆ ಬೇಯಿಸೋನೂ ನೀನೇ. ನಮ್ಮ ಅಡಿಗೆಮನೇಲಿ, ಇವಳ ಕಣ್ಣ ಮುಂದೆ."

ಮಾರನೆಯ ದಿನ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಮಾಂಸ ಬೇಯಿಸಲು ಇಷ್ಟು ಅಲಂಕಾರವೇ ಎಂದು ಕೇಳಿದ್ದಕ್ಕೆ, ನಿಮ್ಮ ಕಿವಿಯಲ್ಲಿ ಹೊಸ ಓಲೆ ಯಾಕೆ ಎಂದು ಕೇಳಿದ. ನಾನು ಕೋಸಿನ ಕಡೆ ತಿರುಗಿಕೊಂಡೆ.

ಪೊಟ್ಟಣದ ಜೊತೆ ಪುಟ್ಟ ಚೀಲದಲ್ಲಿ ಸಾಸಿವೆ, ಕೊತ್ತಂಬರಿ ಬೀಜ, ಮೆಣಸು, ಲವಂಗ ಬಂದಿದ್ದವು. ಮಸಾಲೆ ಕಂಡರೆ ಅತ್ತೆ ಮೂಗು ಮುರಿಯುತ್ತಾರೆ ಎಂದೆ. ನಮ್ಮಮ್ಮ ಇದಿಲ್ಲದೆ ಒಲೆ ಹಚ್ಚುತ್ತಿರಲಿಲ್ಲ ಎಂದು ಅವನೆಂದ. ಚೀಲವನ್ನು ಅವನು ನೀರಿಗೆ ಹಾಕುವುದು, ನಾನು ಸೌಟಿನಿಂದ ಎತ್ತುವುದು, ಹೀಗೇ ನಡೆದು, ಕೊನೆಗೆ ಅರ್ಧ ಹಾಕುವುದೆಂದು ರಾಜಿಯಾಯಿತು. ಅವನು ಉರಿ ಜೋರು ಮಾಡಿದ. ಕುದಿಸಿದರೆ ಮಾಂಸ ಗಟ್ಟಿಯಾಗುತ್ತದೆ, ನೀರು ಸುಮ್ಮನೆ ಮಿಸುಕಾಡುತ್ತಿರಬೇಕು ಎಂದು ನಾನು ಕೈ ಚಾಚಿದೆ. ಅವನ ಕೈ ಇನ್ನೂ ಅಲ್ಲೇ ಇತ್ತು. ಇಬ್ಬರೂ ಸೇರಿ ಉರಿಯನ್ನು ಸಣ್ಣಗೆ ಮಾಡಿದೆವು. ಒಬ್ಬರಿಗೇ ಸಾಕಾಗುವ ಕೆಲಸ, ಬಹಳ ಹೊತ್ತು ತೆಗೆದುಕೊಂಡಿತು.

ಆಲೂಗೆಡ್ಡೆ, ಕ್ಯಾರೆಟ್ ಬಿದ್ದವು. ಕೋಸನ್ನೂ ಈಗಲೇ ಹಾಕಿಬಿಡೋಣ ಎಂದು ಅವನಿಗೆ ಆತುರ. ಕೋಸು ಕೊನೆಯಲ್ಲಿ, ದಿಂಡು ಬಿಡಿಸದೆ ಹೋಳು ಮಾಡಿ ಹಾಕಬೇಕು, ಇಲ್ಲದಿದ್ದರೆ ಎಲೆಯೆಲ್ಲ ಬಿಟ್ಟುಕೊಂಡು ಗಂಜಿಯಾಗುತ್ತದೆ ಎಂದು ತಡೆದೆ. ಕಾಯುವುದು ಅವನಿಗೆ ಬರುವುದಿಲ್ಲವೇನೋ ಎಂದು ಛೇಡಿಸಿದೆ.

"ಬರುತ್ತೆ," ಎಂದ. "ಫೆಬ್ರವರಿಯಿಂದ ಮೆಟ್ಟಿಲ ಮೇಲೆ ಕಾಯ್ತಾ ಇದ್ದೀನಲ್ಲ."

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ಅವನು ಪಾತ್ರೆಯನ್ನೇ ನೋಡುತ್ತಾ ಮಾತಾಡಿದ. ಆಸ್ಪತ್ರೆಯ ಕೆಲಸ ಈಸ್ಟರ್‌ಗೆ ಮುಗಿಯುತ್ತದೆ. ಕಂಪನಿಯಲ್ಲಿ ಬಾಸ್ಟನ್ನಿಗೇ ಒಂದು ಕಾಯಂ ಜಾಗ ಖಾಲಿಯಿದೆ, ಸೋಮವಾರ ಉತ್ತರ ಕೊಡಬೇಕು.

"ಇರು ಅಂತ ನೀವು ಹೇಳಿದ್ರೆ ಇರ್ತೀನಿ, ಡೀಲಿಯಾ. ಜಾಡಿ ತೊಳೆದದ್ದೂ ಅದಕ್ಕೇ. ನಿಮಗೆ ಒಂದು ಕೆಲಸವಾದ್ರೂ ಕಮ್ಮಿ ಆಗ್ಲಿ ಅಂತ."

ನನಗಾಗಿ ಒಬ್ಬರು ಹೀಗೆ ಯೋಚಿಸಿ ಎಷ್ಟು ಕಾಲವಾಗಿತ್ತೋ. ಬಾಗಿಲಾಚೆ ಅತ್ತೆಯ ರೇಡಿಯೋದಲ್ಲಿ ಮೆರವಣಿಗೆಯ ವಾದ್ಯ ಕೇಳುತ್ತಿತ್ತು. ನಾನು ಆ ಕಡೆ ನೋಡಿ, "ನಾನು ಈ ಮನೆಯ ಸೊಸೆ, ಲಿಯೋ. ಅವರ ಋಣ ನನ್ನ ಮೇಲಿದೆ," ಎಂದೆ.

ಅವನು ವಾದಿಸಲಿಲ್ಲ. ತಲೆಯಾಡಿಸಿ, ಈಗ ಕೋಸು ಹಾಕಬಹುದೇ ಎಂದು ಕೇಳಿದ. ಅವನು ಜಗಳವಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಊಟಕ್ಕೆ ಮೂವರೂ ಕೂತೆವು. ಮಾಂಸವನ್ನು ಎಳೆಗೆ ಅಡ್ಡವಾಗಿ ಕೊಯ್ಯಬೇಕೆಂದು ಅವನಿಗೆ ಹೇಳಿಕೊಡಬೇಕಾಗಲಿಲ್ಲ, ಹೋಳು ಹೋಳಾಗಿ ತೆಳ್ಳಗೆ ಬಿತ್ತು. ಅತ್ತೆ ಒಂದು ತುಂಡು ಬಾಯಿಗಿಟ್ಟು ಅಗಿದರು. ಕಣ್ಣು ಮುಚ್ಚಿ ಇನ್ನೂ ಅಗಿದರು. ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೂತಿದ್ದೆವು.

ಬಣ್ಣ ನೋಡಿದರೆ ನಾಟಕದವರ ಮುಖದ ಹಾಗಿದೆ, ಆದರೆ ಮೆತ್ತಗೆ ಬೆಂದಿದೆ, ಎಂದರು. ಇನ್ನೊಂದು ತುಂಡು ತಾವೇ ಹಾಕಿಕೊಂಡರು. ಲಿಯೋ ಸಣ್ಣಗೆ ನಕ್ಕ, ಹೆಚ್ಚು ತಿನ್ನಲಿಲ್ಲ. ಫೋನು ಮಾಡುವುದಿದೆ ಎಂದು ಬೇಗ ಎದ್ದು, ಅತ್ತೆಗೆ ಧನ್ಯವಾದ ಹೇಳಿ ಮೇಲೆ ಹೋದ.

ನಾನು ತಟ್ಟೆಗಳನ್ನು ಎತ್ತಲು ಹೊರಟೆ. ಅತ್ತೆ ತಮ್ಮ ಊದಿದ ಕೈಯನ್ನು ನನ್ನ ಕೈಮೇಲೆ ಇಟ್ಟು ಕೂರಿಸಿದರು.

"ನನ್ನ ಕೈ ಹೋಗಿದೆ ಕಣೇ, ಕಿವಿ ಹೋಗಿಲ್ಲ. ಏನೋ ಋಣ ಅಂದೆಯಲ್ಲ ಅವನ ಹತ್ರ, ಏನದು?"

ನಾನು ತಡವರಿಸಿದೆ. ಡೆನಿಸ್ ಹೋದಾಗ ನೀವು ನನಗೆ ಮಾಡಿದ್ದು, ಅದನ್ನು ನಾನು ಹೇಗೆ ಮರೆಯಲಿ, ನಿಮ್ಮ ಮಗನ ಮನೆಯಲ್ಲಿ ಕೂತು ಇನ್ನೊಬ್ಬನ ಕಡೆ ಹೇಗೆ ನೋಡಲಿ ಎಂದೆಲ್ಲ ಏನೇನೋ ಹೇಳಿದೆ.

ಅವರು ಪೂರ್ತಿ ಕೇಳಿದರು. ಕೋಪ ಬಂದಿತ್ತು.

"ಇಷ್ಟು ವರ್ಷ ನೀನು ಋಣ ತೀರಿಸ್ತಾ ಇದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನು ಮಗಳು ಸಿಕ್ಕಿದ್ಲು ಅಂದ್ಕೊಂಡಿದ್ದೆ. ಆವತ್ತು ನಿನ್ನ ತಲೆ ಬಾಚ್ತಾ ಕೂತಿಲ್ದಿದ್ರೆ ನಾನೂ ಅವನ ಹಿಂದೇನೇ ಹೋಗ್ತಿದ್ದೆ. ನೀನು ಉಳಿಸಿದ್ದು ನನ್ನ. ಹೆತ್ತ ಮಗಳಾಗಿದ್ರೆ ನನಗೆ ಹೀಗೆ ಹೆದರ್ತಿದ್ಯೇನೇ?"

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮಡಚಲಾಗದ ಆ ಬೆರಳುಗಳು ನನ್ನ ಕೂದಲೊಳಗೆ ನಿಧಾನವಾಗಿ ಓಡಾಡಿದವು. ಇಂಥವರನ್ನು ನನಗೆ ಕೊಟ್ಟ ದೇವರಿಗೆ ಅವತ್ತು ಕೃತಜ್ಞತೆ ಹೇಳಿದಷ್ಟು ಯಾವ ಭಾನುವಾರದ ಪ್ರಾರ್ಥನೆಯಲ್ಲೂ ಹೇಳಿರಲಿಲ್ಲ. ಅವರೇ ನನ್ನ ಮುಖ ಎತ್ತಿ, ಕರವಸ್ತ್ರದಿಂದ ಒರೆಸಿ, ಮೂಗು ಕೆಂಪಾಗಿದೆ, ಅವನು ತಂದ ಮಾಂಸಕ್ಕೂ ನಿನಗೂ ಸರಿಹೋಗುತ್ತೆ, ಹೋಗು ಎಂದರು.

ಲಿಯೋ ಫೋನು ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತಿದ್ದ. ಬಾಗಿಲು ತೆರೆದೇ ಇತ್ತು.

"ಕಂಪನಿಗೆ ಉತ್ತರ ಹೇಳಿಬಿಟ್ರಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ಏನು ಹೇಳ್ಬೇಕು ಅಂತ ಯೋಚಿಸ್ತಾ ಇದ್ದೆ."

"ಇರ್ತೀನಿ ಅಂತ ಹೇಳಿ."

ಅವನು ನನ್ನ ಅತ್ತು ಕೆಂಪಾದ ಕಣ್ಣುಗಳನ್ನು ನೋಡಿದ. ಹತ್ತಿರ ಬಂದ, ಆದರೆ ಮುಟ್ಟಲಿಲ್ಲ.

"ಅವರು ಕಳಿಸಿದ್ರು ಅಂತ ಬಂದ್ರಾ?"

"ಅವರು ಹೇಳಿದ್ದು ಹೆದರಬೇಡ ಅಂತ ಅಷ್ಟೇ. ಇರಿ ಅಂತ ಹೇಳ್ತಿರೋದು ನಾನು. ಫೆಬ್ರವರಿಯಿಂದ ನಾನೂ ಸುಮ್ಮನೆ ಮೆಟ್ಟಿಲ ಮೇಲೆ ನಿಂತಿರ್ಲಿಲ್ಲ, ಲಿಯೋ. ನಿಮ್ಮನ್ನ ಕಂಡರೆ ನಂಗೆ ತುಂಬಾ ಇಷ್ಟ."

ಆಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕೈಗೆಲ್ಲ ಕೋಸಿನ ವಾಸನೆ ಎಂದೆ. ಅವನು ಬಿಡಲಿಲ್ಲ, ಹಣೆಯನ್ನು ನನ್ನ ಹಣೆಗೆ ತಾಗಿಸಿ ನಿಂತ. ಬೀದಿಯಲ್ಲಿ ಯಾರೋ ಮೆರವಣಿಗೆ ಮುಗಿಸಿಕೊಂಡು ಹಾಡುತ್ತಾ ಹೋಗುತ್ತಿದ್ದರು, ರಾಗ ಎಲ್ಲೆಲ್ಲೋ ಹೋಗುತ್ತಿತ್ತು.

ಕೆಳಗಿನಿಂದ ಕೂಗು ಬಂತು. ಪಾತ್ರೆಗಳು ತಾವಾಗಿಯೇ ತೊಳೆದುಕೊಳ್ಳುತ್ತವೆಯೇ, ಚಹಾ ಆರುತ್ತಿದೆ, ಇಬ್ಬರೂ ಇಳಿದು ಬನ್ನಿ ಎಂದು.

ನಾನು ಮೆಟ್ಟಿಲ ತುದಿಗೆ ಬಂದು, ಬಗ್ಗಿ, ಜೀವಮಾನದಲ್ಲಿ ಆ ಮನೆಯಲ್ಲಿ ಒಮ್ಮೆಯೂ ಕರೆಯದ ಹಾಗೆ ಕರೆದೆ.

"ಬಂದ್ವಿ ಅಮ್ಮ."