ಎಡಕ್ಕೆ ತಿರುಗಿಸಬೇಡ

ಹೊಸ ಫ್ಯೂಸನ್ನು ಮುಷ್ಟಿಯಲ್ಲಿ ಹಿಡಿದು ಅಂಗಡಿಯಿಂದ ಓಡೋಡಿ ಬಂದವಳಿಗೆ ಪಾರ್ಕಿಂಗಿನಲ್ಲಿ ಕಂಡದ್ದು ಖಾಲಿ ಜಾಗ, ನೆಲದ ಮೇಲೊಂದಿಷ್ಟು ಆಯಿಲ್ ಕಲೆ. ತಾತ ಇರಲಿಲ್ಲ.

ತಾತ ಅಂದರೆ ಹಳೇ ಮೋಟಾರ್‌ಸೈಕಲ್ಲು. ಕೆಳಮನೆಯ ಹುಡುಗ, ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಯಾರದೋ ಗೋಡೌನಿನಿಂದ ಅದನ್ನು ಎಳೆದು ತಂದಿದ್ದ. ಕೆಮ್ಮುತ್ತದೆ, ಮುನಿಸಿಕೊಳ್ಳುತ್ತದೆ, ಹೇಳದೆ ಕೇಳದೆ ನಿಂತುಬಿಡುತ್ತದೆ. ಹಾಗಾಗಿ ಆ ಹೆಸರು. ಮೇಲ್ಮನೆಯ ಅವಳದು ಕಿವಿಯ ಮೆಷಿನ್ ರಿಪೇರಿಯ ಕೆಲಸ. ಅವಳ ಹತ್ತಿರ ಕರೆಂಟು ಅಳೆಯುವ ಮಲ್ಟಿಮೀಟರ್ ಇದೆ ಎಂದು ಗೊತ್ತಾದದ್ದೇ ತಡ, ಬಂದು ಬಾಗಿಲು ತಟ್ಟಿದ್ದ.

"ಡಾಕ್ಟ್ರೇ, ನಮ್ಮ ತಾತನ್ನ ಒಂಚೂರು ನೋಡ್ತೀರಾ?"

ಅಲ್ಲಿಂದ ಪ್ರತಿ ರಜೆಯಲ್ಲೂ ಬೈಕಿನ ಆಚೆ ಅವನು, ಈಚೆ ಇವಳು. ಟೆಸ್ಟ್ ಬಲ್ಬ್ ಹಿಡಿದ ಅವಳ ಬೆರಳುಗಳನ್ನೇ ಅವನು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸ್ಪ್ಯಾನರ್ ಹುಡುಕುವಂತೆ ನಟಿಸುತ್ತಿದ್ದ. ಸ್ಪ್ಯಾನರ್ ಅವನ ಕೈಯಲ್ಲೇ ಇರುತ್ತಿತ್ತು.

ತಾತನಿಗೆ ಇದ್ದದ್ದು ಒಂದೇ ಕಾಯಿಲೆ, ಮತ್ತೆ ಮತ್ತೆ ಫ್ಯೂಸ್ ಸುಟ್ಟುಕೊಳ್ಳುವುದು. ನಿನ್ನೆ ಸಂಜೆ ಕೊನೆಯ ಫ್ಯೂಸೂ ಹೋಯಿತು. ಅವನು ಟೀ ತರಲು ಹೋಗಿದ್ದಾಗ ಅವಳು, ಒಂದೇ ನಿಮಿಷ ಪರೀಕ್ಷೆ ಮಾಡಿ ತೆಗೆದರಾಯಿತು ಎಂದುಕೊಂಡು, ಸುಟ್ಟ ಫ್ಯೂಸಿಗೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದಳು. ಲೈಟು ಉರಿಯಿತು, ಇಂಜಿನ್ ಗುಡುಗಿತು. ಟೀ ಹಿಡಿದು ಬಂದವನ ಮುಖ ಇಷ್ಟಗಲವಾಯಿತು.

"ನಾಳೆ ಇದರಲ್ಲೇ ಅಮ್ಮನ ಮನೆಗೆ ಹೋಗ್ತೀನಿ," ಅಂದ. ಆಮೇಲೆ ದನಿ ಇಳಿಸಿ, ಕಪ್ಪಿನೊಳಗೆ ನೋಡುತ್ತಾ ಕೇಳಿದ. "ನಿಮ್ಮ ವಿಷಯಾನೂ ಹೇಳಿಬಿಡ್ಲಾ?"

ಅವಳ ಮದುವೆ ಒಮ್ಮೆ ನಿಶ್ಚಯವಾಗಿ ಮುರಿದಿತ್ತು. ಇನ್ನೊಮ್ಮೆ ಆಸೆಪಟ್ಟು ಇನ್ನೊಮ್ಮೆ ಬೀಳುವ ಧೈರ್ಯ ಅವಳಿಗಿರಲಿಲ್ಲ. "ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಏನೋ ತೊದಲಿ ಮೆಟ್ಟಿಲು ಹತ್ತಿ ಓಡಿದ್ದಳು. ಆ ಗಾಬರಿಯಲ್ಲಿ ಬೆಳ್ಳಿ ಕಾಗದದ ಮಾತೇ ಮರೆತುಹೋಗಿತ್ತು. ಅದು ನೆನಪಾದದ್ದು ಬೆಳಿಗ್ಗೆ. ಕೇಳಿದ್ದಕ್ಕೆ ಉತ್ತರವನ್ನೂ ಕೊಡದೆ ಯಾವ ಮುಖ ಹೊತ್ತು ಬಾಗಿಲು ತಟ್ಟುವುದು? ಫ್ಯೂಸ್ ತಂದು ಸದ್ದಿಲ್ಲದೆ ಬದಲಾಯಿಸಿಬಿಡೋಣ ಎಂದು ಅಂಗಡಿಗೆ ಓಡಿದ್ದಳು.

ಈಗ ಖಾಲಿ ಜಾಗದೆದುರು ನಿಂತಾಗ ಇಷ್ಟು ದಿನ ಹೊಳೆಯದ್ದು ಹೊಳೆಯಿತು. ಫ್ಯೂಸ್ ಹೋಗಿದ್ದೆಲ್ಲ ಗಾಡಿ ನಿಲ್ಲಿಸಲೆಂದು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗಲೇ. ಪೆಟ್ರೋಲ್ ಟ್ಯಾಂಕಿನ ಕೆಳಗೆಲ್ಲೋ ಸಿಪ್ಪೆ ಸವೆದ ವೈರೊಂದು ಆಗ ಗಾಡಿಯ ಕಬ್ಬಿಣದ ಚೌಕಟ್ಟಿಗೆ ತಾಗುತ್ತಿದೆ. ಫ್ಯೂಸ್ ತಾನು ಸುಟ್ಟು ಗಾಡಿಯನ್ನು ಉಳಿಸುತ್ತಿತ್ತು. ಬೆಳ್ಳಿ ಕಾಗದ ಸುಡುವುದಿಲ್ಲ. ವೈರು ಸುಡುತ್ತದೆ.

ಅಮ್ಮನ ಮನೆಯ ದಾರಿಯನ್ನು ಅವನೇ ವರ್ಣಿಸಿದ್ದ. ಉದ್ದಕ್ಕೂ ನೇರ ರಸ್ತೆ, ಕೊನೆಗೊಂದು ಇಕ್ಕಟ್ಟಿನ ಗಲ್ಲಿ. "ಅಲ್ಲಿ ಬೈಕ್ ನುಗ್ಗಿಸೋದು ಅಂದ್ರೆ ಸರ್ಕಸ್ಸು ಡಾಕ್ಟ್ರೇ. ಹ್ಯಾಂಡಲ್ ಪೂರ್ತಿ ಎಡಕ್ಕೆ ಮುರೀಬೇಕು."

ಅವನಿಗೆ ಫೋನ್ ಮಾಡಿದರೆ ಅದು ಬೀಗ ಹಾಕಿದ ಕೆಳಮನೆಯೊಳಗೇ ರಿಂಗಾಯಿತು. ಸಿಕ್ಕ ಆಟೋ ಹತ್ತಿ, ಅಮ್ಮನ ಜೊತೆಯಲ್ಲೇ ಇರುವ ಅವನ ಅಕ್ಕನಿಗೆ ಫೋನ್ ಮಾಡಿದಳು. ಅವರಮ್ಮನ ಕಿವಿಯ ಮೆಷಿನ್ನನ್ನು ಅಕ್ಕನೇ ಇವಳ ಹತ್ತಿರ ರಿಪೇರಿಗೆ ತಂದಿದ್ದಳು, ಹಾಗಾಗಿ ನಂಬರಿತ್ತು.

"ಅಕ್ಕಾ, ನಿಮ್ಮ ತಮ್ಮ ಬಂದ್ರಾ?"

"ಇನ್ನೂ ಇಲ್ಲ. ಓ, ಮೆಷಿನ್ನಿನವರಾ? ಅಮ್ಮಂದು ಚೆನ್ನಾಗೇ ಕೆಲಸ ಮಾಡ್ತಿದೆಯಮ್ಮ."

"ಅಕ್ಕಾ, ಗಲ್ಲಿ ಬಾಯಿಗೆ ಓಡಿ. ಅವರನ್ನ ಒಳಗೆ ತಿರುಗೋಕೆ ಬಿಡಬೇಡಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಗಾಡಿಗೆ ಬೆಂಕಿ ಹತ್ಕೊಳ್ಳುತ್ತೆ."

"ಏನಮ್ಮ ಇದು ಬೆಳಿಗ್ಗೆ ಬೆಳಿಗ್ಗೆ? ನಿನಗೆ ಹೇಗೆ ಗೊತ್ತು?"

"ನಾನೇ ಮಾಡಿದ್ದು ಅಕ್ಕಾ. ಬೇಕಂತ ಮಾಡಿದ್ದಲ್ಲ, ತೆಗೆಯೋದು ಮರೆತೆ. ಅವನಿಗೇನಾದ್ರೂ ಆದ್ರೆ ನಾನು ಉಳಿಯಲ್ಲ. ದಮ್ಮಯ್ಯ, ಓಡಿ."

ಆ ಕಡೆ ಚಪ್ಪಲಿಯ ಪಟಪಟ ಸದ್ದು, ಏದುಸಿರು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ದೂರದಲ್ಲಿ ತಾತನ ಕೆಮ್ಮು ಕೇಳಿತು. ಅಕ್ಕನ ಕೂಗು, ಬ್ರೇಕಿನ ಚೀರಾಟ, ಏನೋ ದಢಾರನೆ ಬಿದ್ದ ಸದ್ದು. ಲೈನ್ ಕಟ್ಟಾಯಿತು.

ಉಳಿದ ದಾರಿ ಹೇಗೆ ಸವೆಯಿತೋ ಅವಳಿಗೆ ಗೊತ್ತಿಲ್ಲ. "ಬೇಗ ಹೋಗಿ" ಎಂದು ಡ್ರೈವರಿಗೆ ಮತ್ತೆ ಮತ್ತೆ ಹೇಳಿದಳು. ಒಮ್ಮೆ 'ಹೂಂ' ಅಂದಿದ್ದರೆ ಸಾಕಿತ್ತು. ಅಲ್ಲೇ ನಿಂತು ಟೀ ಕುಡಿದು, ಕಾಗದ ತೆಗೆದಿರುತ್ತಿದ್ದಳು. ತನ್ನ ಹೆದರಿಕೆಗೆ ಅವನು ಬೆಲೆ ತೆರುವಂತಾಯಿತಲ್ಲ.

ಗಲ್ಲಿ ಬಾಯಲ್ಲಿ ಜನ ಸೇರಿದ್ದರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಗುಂಪನ್ನು ಸೀಳಿಕೊಂಡು ನುಗ್ಗಿದಳು.

ತಾತ ಗೋಡೆಗೆ ಒರಗಿ ನಿಂತಿತ್ತು, ಸೀಟು ಕಿತ್ತು ಪಕ್ಕದಲ್ಲಿ ಬಿದ್ದಿತ್ತು. ಅವನು ಕಲ್ಲಿನ ಮೇಲೆ ಕೂತಿದ್ದ. ಮೊಣಕೈ ತರಚಿತ್ತು, ಅಂಗೈ ಕೆಂಪಾಗಿತ್ತು. ಜೀವಂತವಾಗಿದ್ದ.

"ಅಕ್ಕ ಅಡ್ಡ ಬಂದ್ಲು, ತಪ್ಪಿಸೋಕೆ ಹೋಗಿ ಹ್ಯಾಂಡಲ್ ಎಡಕ್ಕೆ ತಿರುಗಿಬಿಡ್ತು," ಅಂದ. "ಟ್ಯಾಂಕಿನ ಕೆಳಗಿಂದ ಹೊಗೆ ಬಂತು. ಅಕ್ಕ ಬೆಂಕಿ ಬೆಂಕಿ ಅಂತಿದ್ಲು, ತಕ್ಷಣ ಸೀಟು ಕಿತ್ತು, ಕಾದಿದ್ದ ಬ್ಯಾಟರಿ ವೈರನ್ನ ಕೈಯಲ್ಲೇ ಎಳೆದೆ. ಒಳಗೆ ಹೋಗಿದ್ರೆ ಇಳಿಯೋಕೂ ಜಾಗ ಇರ್ತಿರಲಿಲ್ಲ."

ಅವಳು ಅವನ ಭುಜಕ್ಕೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಆಮೇಲೆ ಅಲ್ಲೇ ಕುಸಿದು, ಸುಟ್ಟ ಅಂಗೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ಹೇಳದೆ ಯಾಕೋ ಹೊರಟೆ?"

"ಹೇಳೋಣ ಅಂತ ಬಂದೆ, ಬಾಗಿಲು ಹಾಕಿತ್ತು. ನಿಮಗೆ ಇಷ್ಟ ಇಲ್ಲವೇನೋ ಅಂದ್ಕೊಂಡೆ."

"ಇಷ್ಟ ಇದೆ. ಹೆದರಿಕೆ ಆಯ್ತು, ಅಷ್ಟೇ."

ಅವನು ಸುಟ್ಟಿರದ ಕೈಯಿಂದ ಅವಳ ಕೆನ್ನೆ ಒರೆಸಿದ. ಜನ ನೋಡುತ್ತಿದ್ದರೆಂಬುದು ಇಬ್ಬರಿಗೂ ನೆನಪಿರಲಿಲ್ಲ.

ಅಕ್ಕ ಕೆಮ್ಮಿದಳು. "ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಇವಳ್ಯಾರು, ಯಾಕೆ ಅಳ್ತಿದ್ದಾಳೆ ಅಂತ ಕೇಳ್ತಾಳೆ. ಏನಂತ ಹೇಳೋದು?"

ಅವನು ಬಿಳಿಚಿಕೊಂಡ. ಹೊಗೆ ಕಂಡಾಗಲೂ ಅಷ್ಟು ಬಿಳಿಚಿಕೊಂಡಿರಲಿಕ್ಕಿಲ್ಲ.

ಅವಳು ದುಪಟ್ಟಾದಿಂದ ಮೂಗು ಒರೆಸಿಕೊಂಡು ಎದ್ದಳು. "ನಾನೇ ಹೇಳ್ತೀನಿ. ನೀನು ಗಾಡಿ ತಳ್ಕೊಂಡು ಬಾ."

ಗಲ್ಲಿಯ ತುದಿಯ ಬಾಗಿಲಲ್ಲಿ ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅವಳು ಹೆದರಿಕೊಂಡೇ ಆ ಕಡೆ ನಡೆದಳು.